ಹಳೆ ಪಿಸಿಯಲ್ಲಿ ಬ್ಯಾಕಪ್ ಡ್ರೈವ್‌ನ ಅಕ್ಷರ ಬದಲಾಗುತ್ತಿದ್ದರೆ

ಮಂಗಳೂರು ಹಂಪನಕಟ್ಟೆಯ ಅಂಗಡಿಯೊಂದರ ಬಿಲ್ಲಿಂಗ್ ಪಿಸಿ, ವಿಂಡೋಸ್ 7. ಬ್ಯಾಕಪ್‌ಗೆ ಇಟ್ಟ ಯುಎಸ್‌ಬಿ ಹಾರ್ಡ್ ಡಿಸ್ಕಿಗೆ ವಿಂಡೋಸ್ ಕೊಡುವ ಅಕ್ಷರ ಇವತ್ತು ಇ (E), ನಾಳೆ ಜಿ (G). ರಾತ್ರಿಯ ಬ್ಯಾಕಪ್ ಇ ಡ್ರೈವನ್ನೇ ಹುಡುಕಿ ಅರ್ಧಕ್ಕೆ ನಿಲ್ಲುತ್ತಿತ್ತು.

ಪೋರ್ಟ್, ಕೇಬಲ್ ಬದಲಿಸಿದ್ದು, ಡ್ರೈವರ್ ತೆಗೆದು ಮತ್ತೆ ಹಾಕಿದ್ದು, ಡಿಸ್ಕಿಗೆ ಹೆಸರಿಟ್ಟದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಹೆಸರಿಗೂ ಅಕ್ಷರಕ್ಕೂ ಸಂಬಂಧವೇ ಇಲ್ಲ. ಡಿಸ್ಕ್ ಹೊರಗಿರುವಾಗ ಯಾರಾದರೂ ಪೆನ್‌ಡ್ರೈವ್ ಸಿಕ್ಕಿಸಿದರೆ ಖಾಲಿ ಇರುವ ಇ ಅದರ ಪಾಲಾಗುತ್ತದೆ. ನಂತರ ಬಂದ ಡಿಸ್ಕಿಗೆ ಮುಂದಿನ ಅಕ್ಷರ.

ಸರಿಹೋದದ್ದು ಹೀಗೆ. ಪೆನ್‌ಡ್ರೈವ್‌ಗಳನ್ನು ತೆಗೆದು, ಬ್ಯಾಕಪ್ ಡಿಸ್ಕ್ ಮಾತ್ರ ಸಿಕ್ಕಿಸಿಡಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಿಸ್ಕ್‌ಪಾರ್ಟ್ (diskpart) ಎಂದು ಟೈಪಿಸಿ ಎಂಟರ್ ಒತ್ತಿ, ಅದರೊಳಗೆ ಆಟೋಮೌಂಟ್ ಸ್ಕ್ರಬ್ (automount scrub). ಇದು ಈಗ ಜೋಡಿಸಿರದ ಡ್ರೈವ್‌ಗಳ ಅಕ್ಷರದ ಬಗ್ಗೆ ವಿಂಡೋಸ್ ಇಟ್ಟ ಹಳೆ ದಾಖಲೆಯನ್ನು (ಫೈಲ್‌ಗಳನ್ನಲ್ಲ) ಅಳಿಸುತ್ತದೆ. ಉಳಿಯಬೇಕಾದ ಡಿಸ್ಕ್ ಜೋಡಿಸಿಯೇ ಇರಬೇಕು ಎಂಬುದು ಅದಕ್ಕೇ. ಆಮೇಲೆ ಕಂಪ್ಯೂಟರ್ ಐಕಾನ್ ಮೇಲೆ ರೈಟ್ ಕ್ಲಿಕ್, ಮ್ಯಾನೇಜ್, ಡಿಸ್ಕ್ ಮ್ಯಾನೇಜ್ಮೆಂಟ್. ಅಲ್ಲಿ ಕಾಣುವ ಬ್ಯಾಕಪ್ ವಾಲ್ಯೂಮ್ (ಬ್ಯಾಕಪ್ ಡಿಸ್ಕಿನ ಭಾಗ) ಮೇಲೆ ರೈಟ್ ಕ್ಲಿಕ್ ಮಾಡಿ ಚೇಂಜ್ ಡ್ರೈವ್ ಲೆಟರ್ ಅಂಡ್ ಪಾತ್ಸ್, ಚೇಂಜ್ ಒತ್ತಿ ಆರ್ (R) ಅಕ್ಷರ ಕೊಡಿ. ಪೆನ್‌ಡ್ರೈವ್‌ಗಳು ಮೊದಲ ಖಾಲಿ ಅಕ್ಷರದಿಂದ ಶುರುಮಾಡುವುದರಿಂದ ಅಲ್ಲಿವರೆಗೆ ಬರುವುದು ಅಪರೂಪ. ಸಿ ಡ್ರೈವ್ ಮಾತ್ರ ಮುಟ್ಟಬೇಡಿ.

ಕಾರ್ಡ್ ರೀಡರ್ ಇದ್ದರೆ ಅದರ ಸ್ಲಾಟ್‌ಗಳಿಗೂ ಡಬ್ಲ್ಯೂ, ಎಕ್ಸ್, ವೈ, ಝಡ್ ಕೊಡಿ. ಕೊನೆಗೆ ಬ್ಯಾಕಪ್ ತಂತ್ರಾಂಶದಲ್ಲಿ ಪಾತ್ ಅನ್ನು ಆರ್‌ಗೆ ಬದಲಿಸಿ.