ಕ್ಯಾಂಟೀನ್ ದುಡ್ಡಿನಲ್ಲಿ ಕಣ್ಣಿನ ಕೆಲಸ: ಒಂದು ಟಾಕೀಸು ನಡೆಸಿದ ನನ್ನ ಅನುಭವ

ಚಿತ್ರಮಂದಿರದ ಆದಾಯದಿಂದ ದಾನಧರ್ಮ ಸಾಗದು ಎಂದು ಗಾಂಧಿನಗರದಲ್ಲಿ ನನಗೆ ಬುದ್ಧಿ ಹೇಳದವರಿಲ್ಲ. ಟಿಕೆಟ್ಟಿನ ದುಡ್ಡಿನ ಮಟ್ಟಿಗೆ ಅವರ ಮಾತು ನಿಜ. 2017ರ ಜುಲೈಗೆ ಮುಂಚೆ ಕನ್ನಡ ಚಿತ್ರಗಳಿಗಿದ್ದ ಮನರಂಜನಾ ತೆರಿಗೆಯ ವಿನಾಯಿತಿ ಹೋಗಿ, ನೂರು ರೂಪಾಯಿಯೊಳಗಿನ ಟಿಕೆಟ್ಟಿಗೂ ಮೊದಲು ಶೇ. 18, 2019ರಿಂದ 2025ರ ಸೆಪ್ಟೆಂಬರ್‌ವರೆಗೆ ಶೇ. 12 ಜಿಎಸ್‌ಟಿ ಬಿದ್ದ ಮೇಲೆ, ಚಿತ್ರ ಕೊಡುವ ಹಂಚಿಕೆದಾರರಿಗೆ ಟಿಕೆಟ್ಟಿನ ಹಣದಲ್ಲಿ ಅವರ ಪಾಲು, ಅಂದರೆ ಶೇರು, ಕೊಟ್ಟು ಕರೆಂಟಿನ ಬಿಲ್ಲು ಕಟ್ಟಿದ ತಾಲ್ಲೂಕು ಕೇಂದ್ರದ ಮಾಲೀಕನಿಗೆ ಉಳಿಯುವುದೆಷ್ಟೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕ್ಯಾಂಟೀನಿನ ಮತ್ತು ವಾಹನ ನಿಲ್ಲಿಸುವ ಸ್ಟ್ಯಾಂಡಿನ ದುಡ್ಡಿನಲ್ಲಿ ಹಂಚಿಕೆದಾರನಿಗೆ ಪಾಲಿಲ್ಲ. ಹಳ್ಳಿಯ ಮುದುಕರ ಕಣ್ಣಿನ ಚಿಕಿತ್ಸೆಗೆ ನೆರವಾಗಲು ನಾನು ಹಿಡಿದದ್ದು ಈ ಒಂದು ಎಳೆಯನ್ನು.

ನಾನು ಈ ಕಸುಬಿಗೆ ಬಂದದ್ದು ಹಂಚಿಕೆದಾರರ ರೆಪ್ರೆಸೆಂಟೇಟಿವ್ ಆಗಿ. ಚಿತ್ರದ ರೀಲುಗಳ ಪೆಟ್ಟಿಗೆಯ ಹಿಂದೆ ಊರೂರು ತಿರುಗಿ, ದಿನದ ಗಳಿಕೆಯ ವರದಿಯಾದ ಡಿಸಿಆರ್‌ಗೆ ಸಹಿ ಹಾಕಿಸಿ, ಒಂದೇ ಪ್ರಿಂಟನ್ನು ಎರಡು ಟಾಕೀಸುಗಳಿಗೆ ಬೈಕಿನಲ್ಲಿ ಶಿಫ್ಟಿಂಗ್ ಮಾಡಿಸುತ್ತಿದ್ದ ಕಾಲದಲ್ಲಿ, ಯಾವ ಮಾಲೀಕನ ದುಡ್ಡು ಎಲ್ಲಿ ಸೋರುತ್ತದೆ ಎಂಬುದು ಕಣ್ಣಿಗೆ ಕಟ್ಟಿಹೋಯಿತು. ಉಪಗ್ರಹದ ಮೂಲಕ ಚಿತ್ರ ಇಳಿಯತೊಡಗಿ ಪೆಟ್ಟಿಗೆಯೇ ಬೇಡವಾದಾಗ, ಮುಚ್ಚುವ ಹಂತದಲ್ಲಿದ್ದ ಒಂದು ಟಾಕೀಸನ್ನು ಲೀಸಿಗೆ ಹಿಡಿದೆ. ಪ್ರೊಜೆಕ್ಟರು, ಸೌಂಡು, ಕುರ್ಚಿ ಎಲ್ಲ ಸೇರಿ 20 ಲಕ್ಷದ ಆಸುಪಾಸು ಸಾಲವಾಯಿತು. ಅದನ್ನು ಐದಾರು ವರ್ಷದಲ್ಲಿ ತೀರಿಸಿದೆ; ನಮ್ಮ ಕಡೆ ಹಾಗೆ ತೀರಿಸಿದವರು ಹೆಚ್ಚಿಲ್ಲ.

ಮೊದಲು ಮಾಡಿದ್ದು ಕಂಪನಿ ನಾಟಕದವರು ನಡೆಸುತ್ತಿದ್ದಂಥ ಸಹಾಯಾರ್ಥ ಪ್ರದರ್ಶನ. ಟಾಕೀಸು ತುಂಬಿತು, ಚಪ್ಪಾಳೆಯೂ ಬಿತ್ತು. ಆದರೆ ಸಹಾಯಾರ್ಥವಾದರೂ ಶೇರು ಶೇರೇ ಎಂದು ಹಂಚಿಕೆದಾರರು ಪಟ್ಟು ಹಿಡಿದರು. ಎಲ್ಲ ಕಳೆದು ಉಳಿದದ್ದು ನಾಲ್ಕು ಸಾವಿರದಷ್ಟು, ಬ್ಯಾನರಿಗೇ ಅದಕ್ಕಿಂತ ಹೆಚ್ಚು ಖರ್ಚಾಗಿತ್ತು. ಬುಕಿಂಗ್ ಕಿಟಕಿಯ ಬಳಿ ಇಟ್ಟ ಹುಂಡಿಯಿಂದ ಚಿಲ್ಲರೆಗಿಂತ ಅನುಮಾನವೇ ಹೆಚ್ಚು ಹುಟ್ಟಿತು. ಕೊನೆಗೆ ಕ್ಯಾಂಟೀನಿನ ದಿನದ ವಹಿವಾಟಿನಲ್ಲಿ, ಲಾಭದಲ್ಲಲ್ಲ, ಒಂದು ಪಾಲನ್ನು ರಾತ್ರಿ ಶೋ ಬಿಡುವ ಮುಂಚೆಯೇ ಬೇರೆ ಖಾತೆಗೆ ಹಾಕುವ ಕಟ್ಟುಪಾಡು ಮಾಡಿದೆ. ಲಾಭದಲ್ಲಿ ಕೊಡುತ್ತೇನೆಂದು ಹೊರಟರೆ ಈ ಕಸುಬಿನಲ್ಲಿ ಕೊಡುವ ದಿನ ಬರುವುದಿಲ್ಲ. ಪಾಲು ಎಷ್ಟು, ಕ್ಯಾಂಟೀನ್ ಗುತ್ತಿಗೆದಾರನನ್ನು ಹೇಗೆ ಒಪ್ಪಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಮುಂದಿನ ಲೀಸಿಗೂ ಬೇಕಾದ ಗುಟ್ಟು. ಒಳ್ಳೆಯ ತಿಂಗಳಲ್ಲಿ ಹದಿನೈದು ಸಾವಿರ, ಪರೀಕ್ಷೆಯ ತಿಂಗಳಲ್ಲಿ ಅದರ ಮೂರನೇ ಒಂದು ಭಾಗ ಕೂಡುತ್ತದೆ.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಹೇಗೂ ಉಚಿತ. ಆದರೂ ನಮ್ಮ ಹಳ್ಳಿಗಳ ಮುದುಕರು ಜಿಲ್ಲಾ ಕೇಂದ್ರದವರೆಗೆ ಹೋಗುತ್ತಿರಲಿಲ್ಲ. ವಿಚಾರಿಸಿದರೆ ಅಡ್ಡಿಯಾಗಿದ್ದುದು ಬಸ್ಸಿನ ಖರ್ಚಿಗಿಂತ ಜೊತೆಗೆ ಬರುವವರ ಕೂಲಿ. ಮಗನೋ ಸೊಸೆಯೋ ಎರಡು ದಿನದ ಕೂಲಿ ಬಿಟ್ಟರೆ ಮನೆ ನಡೆಯುವುದಿಲ್ಲ. ಆದ್ದರಿಂದ ನನ್ನ ದುಡ್ಡು ಆಸ್ಪತ್ರೆಗೆ ಹೋಗುವುದಿಲ್ಲ, ವಾಹನಕ್ಕೂ ಆ ಕೂಲಿಗೂ ಹೋಗುತ್ತದೆ. ತಲೆಗೆ ಒಂದೂವರೆ ಸಾವಿರದಷ್ಟು ಬೀಳುತ್ತದೆ. ಲೆನ್ಸಿಗೆ ಕೊಡುವುದು ಬಿಟ್ಟು ಕೂಲಿಗೆ ಕೊಡುವುದೇನು ದಾನ ಎಂದು ನಕ್ಕವರ ಹಳ್ಳಿಗಳಿಂದಲೇ ಈಗ ಹೆಚ್ಚು ಜನ ಬರುತ್ತಾರೆ.

ತಪಾಸಣೆಗೆ ಟಾಕೀಸಿನಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ದೃಷ್ಟಿಯ ಪಟ್ಟಿಗೆ ಬೇಕಾದ 6 ಮೀಟರ್ ಉದ್ದ ನಮ್ಮ ವರಾಂಡದಲ್ಲಿ ಸಲೀಸಾಗಿ ಸಿಗುತ್ತದೆ. ಬಿಸಿಲಿನಿಂದ ಬಂದವರನ್ನು ಸ್ವಲ್ಪ ಹೊತ್ತು ಕತ್ತಲೆಯ ಹಾಲ್‌ನಲ್ಲಿ ಕೂರಿಸಿದರೆ ಪಾಪೆ ಹಿಗ್ಗಿ, ಟಾರ್ಚ್ ಬೆಳಕಿಗೆ ಪೊರೆ ಸ್ಪಷ್ಟವಾಗಿ ಕಾಣುತ್ತದೆ ಎಂದು ನೇತ್ರ ಸಹಾಯಕರೇ ಮೆಚ್ಚಿಕೊಂಡರು. ಮಾರ್ನಿಂಗ್ ಶೋ ಇಲ್ಲದ ವಾರದ ದಿನಗಳಲ್ಲಿ ಮಾಡಿದರೆ ಶೋ ತಪ್ಪಿದ ನಷ್ಟವೂ ಇಲ್ಲ. ದೃಷ್ಟಿ ಮರಳಿದವರಲ್ಲಿ ಕೆಲವರು ಮ್ಯಾಟಿನಿಗೆ ಟಿಕೆಟ್ ಕೊಂಡು ಬಂದದ್ದೂ ಉಂಟು, ಆ ಆದಾಯವನ್ನು ನಾನು ಬೇಡವೆನ್ನಲಿಲ್ಲ.

ನೇತ್ರದಾನದಲ್ಲೂ ಕೈ ಹಾಕಿ ನೋಡಿದೆ. 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್ ಅವರ, 2021ರ ಅಕ್ಟೋಬರ್‌ನಲ್ಲಿ ಪುನೀತ್ ಅವರ ಕಣ್ಣುಗಳು ದಾನವಾದದ್ದು ಎಲ್ಲರಿಗೂ ಗೊತ್ತು. ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು ಎಂಬ ಸುದ್ದಿ ಹರಡಿದ ಮೇಲೆ ನಮ್ಮ ಟಾಕೀಸಿನಲ್ಲೇ ನೂರಾರು ಪ್ರತಿಜ್ಞಾ ಪತ್ರಗಳು ತುಂಬಿದವು. ಆ ರಾಶಿಯಿಂದ ಆದ ದಾನ ಬೆರಳೆಣಿಕೆಯಷ್ಟು. ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾ ತೆಗೆಯಬೇಕು, ಆ ದುಃಖದ ನಡುವೆ ಮನೆಯವರಲ್ಲಿ ಯಾರಾದರೊಬ್ಬರು ಫೋನ್ ಮಾಡಬೇಕು. ಹಾಗಾಗಿ ಪತ್ರ ತುಂಬಿಸುವುದನ್ನು ಬಿಟ್ಟು, ಇಂಟರ್‌ವಲ್ ಸ್ಲೈಡಿನಲ್ಲಿ ನೇತ್ರದಾನಕ್ಕೆ ಕರೆ ಮಾಡಬೇಕಾದ ಫೋನ್ ನಂಬರನ್ನಷ್ಟೇ ತೋರಿಸಿ, ಶವದ ವಾಹನ ಓಡಿಸುವ ಹುಡುಗರನ್ನು ಪರಿಚಯ ಮಾಡಿಕೊಂಡೆ. ಸುದ್ದಿ ಮೊದಲು ತಲುಪುವುದು ಅವರಿಗೆ. ಆಮೇಲೆ ಕರೆಗಳು ಬರತೊಡಗಿದವು.

ಪಾರ್ವತಮ್ಮ ರಾಜ್‌ಕುಮಾರ್ ಅವರು ನಿರ್ಮಾಣ, ಹಂಚಿಕೆ ಎರಡನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡು, ನೊಂದ ಮಹಿಳೆಯರ ಆಶ್ರಯವಾದ ಮೈಸೂರಿನ ಶಕ್ತಿಧಾಮದಂಥ ಸಂಸ್ಥೆಗೆ ಬೆನ್ನೆಲುಬಾಗಿ ನಿಂತದ್ದು ನಮ್ಮ ಕಸುಬಿನವರೆಲ್ಲರೂ ಬಲ್ಲ ಮಾತು. ಕೊಡುವವರಿಗೆ ತಮ್ಮ ಗಲ್ಲಾಪೆಟ್ಟಿಗೆಯ ಮೇಲೆ ಹಿಡಿತ ಇರಬೇಕೆಂಬುದನ್ನು ನಾನು ಕಲಿತದ್ದು ಅವರನ್ನು ನೋಡಿ.

2020ರ ಮಾರ್ಚ್‌ನಿಂದ ಬಾಗಿಲು ಹಾಕಿದ್ದಾಗ ಕ್ಯಾಂಟೀನಿನಿಂದ ಬಿಡಿಗಾಸೂ ಬರಲಿಲ್ಲ, ಕರೆಂಟಿನ ನಿಗದಿತ ಶುಲ್ಕ ಮಾತ್ರ ತಪ್ಪದೆ ಬಂತು. ಖಾತೆ ಬೇರೆ ಇದ್ದುದರಿಂದ ಆ ದುಡ್ಡನ್ನು ಬಿಲ್ಲಿಗೆ ಎಳೆದುಕೊಳ್ಳಲು ಆಗಲಿಲ್ಲ. ಬಿಲ್ಲಿಗೆ ಹೆಂಡತಿಯ ಬಳೆ ಅಡವಿಗೆ ಹೋದವು, ಆಮೇಲೆ ಬಿಡಿಸಿಕೊಂಡೆವು. ಶಸ್ತ್ರಚಿಕಿತ್ಸೆಗಳು ಮತ್ತೆ ಶುರುವಾದ ತಿಂಗಳಲ್ಲಿ ನಮ್ಮ ವಾಹನವೂ ಹೊರಟಿತು. ಪಕ್ಕದ ತಾಲ್ಲೂಕಿನ ಇಬ್ಬರು ಮಾಲೀಕರು ಈಗ ಇದೇ ಲೆಕ್ಕ ಕೇಳುತ್ತಿದ್ದಾರೆ. ಕ್ಯಾಂಟೀನ್ ಗುತ್ತಿಗೆಯ ಹೊಸ ಕರಾರು ಬರೆಯುವ ಮುನ್ನ ಬನ್ನಿ ಎಂದು ಅವರಿಗೆ ಹೇಳಿದ್ದೇನೆ, ಬರೆದಾದ ಮೇಲೆ ಬಂದರೆ ಈ ಪಾಲನ್ನು ಅದರೊಳಗೆ ಸೇರಿಸುವುದು ಕಷ್ಟ.