ಭಾನುವಾರ ಬೆಳಿಗ್ಗೆ ಹತ್ತು ಸೈಕಲ್, ಒಂದು ಕಾಡುದಾರಿ

ಮೌಂಟನ್ ಬೈಕ್ ಕ್ಲಬ್ ಶುರು ಮಾಡುವುದು ಸುಲಭ. ಒಂದು ವಾಟ್ಸಾಪ್ ಗ್ರೂಪ್, ನಾಲ್ಕು ಸೈಕಲ್, ಕೊನೆಗೆ ತಟ್ಟೆ ಇಡ್ಲಿ ಸಿಗುವ ಒಂದು ಹೋಟೆಲ್ ಇದ್ದರೆ ಆಯ್ತು. ಮುಂದಿನ ವಾರವೂ ಅದೇ ದಾರಿಗೆ ನಮ್ಮನ್ನು ಬಿಡುವ ಹಾಗೆ ನೋಡಿಕೊಳ್ಳುವುದೇ ಕಷ್ಟ. ಬೆಂಗಳೂರಿನ ಸುತ್ತ ಒಳ್ಳೆ ಮಣ್ಣುದಾರಿ ಉಳಿದಿರುವುದೇ ಕಡಿಮೆ. ಕನಕಪುರ ರಸ್ತೆ ಕಡೆ ತುರಹಳ್ಳಿ, ಯಲಹಂಕದ ಆಚೆ ಆವಲಹಳ್ಳಿ, ನಂದಿ ಬೆಟ್ಟದ ಬುಡದ ಹಳ್ಳಿದಾರಿಗಳು, ಹೀಗೆ ಎಣಿಸಿದರೆ ಬೇಗ ಮುಗಿಯುತ್ತೆ. ಅಲ್ಲಿ ಒಂದು ಗುಂಪು ಗಲಾಟೆ ಮಾಡಿಕೊಂಡರೆ ಊರಿನ ಸೈಕಲ್‌ನವರಿಗೆಲ್ಲ ಗೇಟ್ ಬೀಳುತ್ತೆ. ಹಾಗಾಗಿ ರೈಡ್ ಮಾಡಿಸುವವರಿಗೆ ನಾನು ಕಲಿತ ಒಂದಷ್ಟು ವಿಷಯ.

ಮೊದಲು ಅನುಮತಿ. ಮೀಸಲು ಅರಣ್ಯಕ್ಕೆ ಸುಮ್ನೆ ನುಗ್ಗುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಮ್ಯಾಪ್‌ನಲ್ಲಿ ಗೆರೆ ಕಾಣಿಸ್ತು, ಯಾರೋ ಹೋದ ವಾರ ಹೋಗಿದ್ರು ಅನ್ನುವುದು ಅನುಮತಿ ಅಲ್ಲ. ವಲಯ ಅರಣ್ಯಾಧಿಕಾರಿ ಕಚೇರಿಗೆ ಒಂದು ಸಲ ಖುದ್ದಾಗಿ ಹೋಗಿ, ಎಷ್ಟು ಜನ, ಎಷ್ಟು ಹೊತ್ತಿಗೆ, ಯಾವ ದಾರಿ ಅಂತ ಬರೆದು ಕೊಡಿ. ಆಗಲ್ಲ ಅಂದರೆ ಬೇರೆ ದಾರಿ ನೋಡಿಕೊಳ್ಳಿ, ವಾದ ಬೇಡ. ಆ ಜಾಗ ನಮಗಿಂತ ಮುಂಚೆ ಬೇರೆಯವರದ್ದು ಅನ್ನುವುದೂ ನೆನಪಿರಲಿ. 2021ರಲ್ಲಿ ಅರಣ್ಯ ಇಲಾಖೆ ತುರಹಳ್ಳಿಯಲ್ಲಿ ಟ್ರೀ ಪಾರ್ಕ್ ಮಾಡುತ್ತೇವೆ ಅಂದಾಗ ಬೇಡ ಅಂತ ನಿಂತವರಲ್ಲಿ ಅಕ್ಕಪಕ್ಕದ ಜನ ಎಷ್ಟೊಂದು ಮಂದಿ ಇದ್ದರು.

ಗುಂಪು ಹತ್ತಕ್ಕಿಂತ ಜಾಸ್ತಿ ಬೇಡ. ಇಪ್ಪತ್ತು ಜನ ಹೆಸರು ಕೊಟ್ಟರೆ ಎರಡು ಗುಂಪು ಮಾಡಿ, ಅರ್ಧ ಗಂಟೆ ಬಿಟ್ಟು ಹೊರಡಿಸಿ. ದಾರಿ ಗೊತ್ತಿರುವವರು ಒಬ್ಬರು ಮುಂದೆ. ಪಂಕ್ಚರ್ ಹಾಕಲು, ಚೈನ್ ಕೂಡಿಸಲು ಬರುವವರು ಒಬ್ಬರು ಕಡೆಗೆ. ಇವರನ್ನು ನಾವು ಸ್ವೀಪ್ ಅನ್ನುತ್ತೇವೆ. ಅವರು ಯಾರನ್ನೂ ಹಿಂದೆ ಹಾಕಕೂಡದು, ಎಷ್ಟೇ ಬೇಜಾರಾಗಲಿ. ದಾರಿ ಕವಲೊಡೆದ ಕಡೆ ಎಲ್ಲರೂ ಬರುವವರೆಗೆ ಮುಂದಿನವರು ನಿಲ್ಲಬೇಕು. ಸುಸ್ತಾದವರು ಬಂದು ತಲುಪಿದ ಕೂಡಲೇ "ಸರಿ ಹೊರಡೋಣ" ಅನ್ನುವವರು ಎಲ್ಲ ಕ್ಲಬ್ಬಲ್ಲೂ ಇರುತ್ತಾರೆ. ಸುಸ್ತಾದವರಿಗೆ ಎರಡು ನಿಮಿಷ ಉಸಿರಾಡಲು ಬಿಡಿ ಮಾರಾಯ್ರೆ.

ಹೊರಡುವ ಮುಂಚೆ ಸೈಕಲ್ ನೋಡಿ. ಬ್ರೇಕ್ ಲಿವರ್ ಹ್ಯಾಂಡಲ್‌ವರೆಗೆ ಬಂದು ತಾಗಿದರೆ ಅವರು ಇವತ್ತು ಕಾಡಿಗೆ ಬರುವುದು ಬೇಡ. ಹೆಲ್ಮೆಟ್ ಇಲ್ಲದಿದ್ದರೂ ಅಷ್ಟೇ, ಸ್ನೇಹಿತರಾದರೂ ಸರಿ. ಹೊಸಬರು ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬಿಸಿಕೊಂಡು ಬರುತ್ತಾರೆ. ನಮ್ಮ ಕಡೆಯ ಕೆಂಪು ಮಣ್ಣಿನ ಮೇಲೆ ಸಣ್ಣ ಜಲ್ಲಿ ಹರಡಿಕೊಂಡಿರುತ್ತೆ. ಗಟ್ಟಿ ಟೈರ್ ಅದರ ಮೇಲೆ ಗೋಲಿ ಮೇಲೆ ಕಾಲಿಟ್ಟ ಹಾಗೆ ಜಾರುತ್ತೆ. ಟ್ಯೂಬ್ ಇರುವ ಅಗಲದ ಟೈರಿಗೆ 30ರಿಂದ 35 ಪಿಎಸ್‌ಐ (ಪಂಪಿನ ಮೀಟರ್ ತೋರಿಸುವ ಗಾಳಿಯ ಒತ್ತಡ) ಇಂದ ಶುರು ಮಾಡಿ, ಆಮೇಲೆ ತೂಕ ನೋಡಿಕೊಂಡು ಹೆಚ್ಚುಕಮ್ಮಿ ಮಾಡಿಕೊಳ್ಳಿ.

ಇನ್ನು ದಾರಿ ಮೇಲಿನ ನಡವಳಿಕೆ. ಒಂದು ಸಲ ಇಳಿಜಾರಿನ ತಿರುವಲ್ಲಿ ನಾನು ಹಿಂದಿನ ಬ್ರೇಕ್ ಪೂರ್ತಿ ಹಿಡಿದು ಸರ್ರಂತ ಜಾರಿಸಿಕೊಂಡು ಬಂದೆ. ಸ್ಟೈಲು! ಎದುರಿಗೆ ಮೂವತ್ತು ನಲವತ್ತು ಮೇಕೆ. ಅವು ದಿಕ್ಕಾಪಾಲಾಗಿ ಲಂಟಾನ ಪೊದೆಯೊಳಗೆ ನುಗ್ಗಿದವು, ಒಂದು ಮರಿ ಮಾತ್ರ ನನ್ನ ಮುಂದಿನ ಚಕ್ರದಿಂದ ಒಂದು ಗೇಣು ದೂರದಲ್ಲಿ ಅಲ್ಲಾಡದೆ ನಿಂತುಬಿಟ್ಟಿತ್ತು. ಮೇಕೆ ಮೇಯಿಸುತ್ತಿದ್ದ ಅಜ್ಜ ಬೈಯಲಿಲ್ಲ. "ಏನ್ ಸ್ವಾಮಿ, ಮರಿ ಮೇಲೆ ಹತ್ತಿಸಿಬಿಟ್ಟಿದ್ರೆ ಏನ್ ಮಾಡ್ತಿದ್ರಿ?" ಅಂತ ಕೇಳಿದರು ಅಷ್ಟೇ. ಅರ್ಧ ಗಂಟೆ ಅವರ ಜೊತೆ ಮೇಕೆ ಹುಡುಕಿದೆ. ಅವತ್ತಿಂದ ನಮ್ಮ ನಿಯಮ ಇದು: ತಿರುವಿನ ಆಚೆ ಕಾಣದಿದ್ದರೆ ನಿಧಾನ. ದನ, ಕುರಿ ಕಂಡರೆ ಇಳಿದು ನಿಲ್ಲುವುದು, ಕಾಯುವವರು ಹೋಗಿ ಅಂದ ಮೇಲೆ ತಳ್ಳಿಕೊಂಡು ದಾಟುವುದು. ನಡೆದು ಬರುವವರಿಗೆ ದೂರದಿಂದಲೇ ಬೆಲ್ ಮಾಡಿ ದಾರಿ ಬಿಡುವುದು. ಏರು ಹತ್ತುತ್ತಿರುವ ಸೈಕಲ್‌ಗೆ ಇಳಿಯುವವರು ದಾರಿ ಬಿಡಬೇಕು, ಯಾಕೆಂದರೆ ಏರಲ್ಲಿ ಒಂದು ಸಲ ನಿಂತರೆ ಮತ್ತೆ ಹೊರಡಿಸುವುದು ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು, ಅಲ್ವಾ?

ಬಯಲಲ್ಲಿ ಟಿಟ್ಟಿಭ ಹಕ್ಕಿ ತಲೆ ಮೇಲೆ ಸುತ್ತುತ್ತಾ ಕಿರುಚಿದರೆ ಹತ್ತಿರದಲ್ಲೇ ಮೊಟ್ಟೆ ಇರಬಹುದು. ಅದು ಬರೀ ನೆಲದಲ್ಲಿ ಮೊಟ್ಟೆ ಇಡುತ್ತೆ, ನೋಡಲು ಬೆಣಚುಕಲ್ಲಿನ ಹಾಗೇ. ದಾರಿ ಬಿಟ್ಟು ಇಳಿಯಬೇಡಿ. ಸ್ಪೀಕರ್ ತರುವವರ ಬಗ್ಗೆ ನಾನು ಮಾತಾಡಲ್ಲ, ಬಿಪಿ ಏರುತ್ತೆ.

ಮಳೆಗಾಲದಲ್ಲಿ ಒಂದೇ ಪರೀಕ್ಷೆ. ಹತ್ತು ಹೆಜ್ಜೆ ಸೈಕಲ್ ತಳ್ಳಿ ನೋಡಿ, ಟೈರಿಗೆ ಮಣ್ಣು ಮೆತ್ತಿಕೊಂಡರೆ ವಾಪಸ್. ಹಸಿ ಮಣ್ಣಲ್ಲಿ ಚಕ್ರ ಕೊರೆದ ಗೆರೆಯೇ ಮುಂದಿನ ಮಳೆಗೆ ಕಾಲುವೆ ಆಗುತ್ತೆ, ಬ್ರೇಕ್ ಹಿಡಿದು ಜಾರಿಸಿದ ಗುರುತೂ ಹಾಗೇ. ಮಧ್ಯೆ ಒಂದು ಸಣ್ಣ ಗುಂಡಿಯಲ್ಲಿ ನೀರಿದ್ದರೆ ಪಕ್ಕದ ಹುಲ್ಲಿಗೆ ಇಳಿಯದೆ ನೀರಿನೊಳಗೇ ಹೋಗಿ. ಎಲ್ಲರೂ ಪಕ್ಕಕ್ಕೆ ಇಳಿದರೆ ಎರಡಡಿ ದಾರಿ ಒಂದೇ ಮಳೆಗಾಲದಲ್ಲಿ ಹತ್ತಡಿ ಆಗುತ್ತೆ. ಶೂ ಒದ್ದೆ ಆದರೆ ಒಣಗುತ್ತೆ ಬಿಡಿ.

ವರ್ಷಕ್ಕೆ ಎರಡು ಸಲವಾದರೂ ಸೈಕಲ್ ಮನೆಯಲ್ಲಿ ಬಿಟ್ಟು ಗುದ್ದಲಿ, ಸನಿಕೆ, ಮಂಕರಿ ಹಿಡಿದು ಹೋಗಿ. ಇಲಾಖೆ ಒಪ್ಪಿದ ಮೇಲೆ ಮಾತ್ರ. ಸೈಕಲ್ ಹಾರಿಸಲು ಹೊಸ ಜಂಪ್ ಕಟ್ಟಲು ಅಲ್ಲ, ನೀರು ಹೊರಗೆ ಕಳಿಸಲು. ದಾರಿ ಇಳಿಜಾರಿನ ಕಡೆಗೆ ಸ್ವಲ್ಪ ವಾಲಿರಬೇಕು. ಒಂದು ಮೀಟರ್ ಅಗಲಕ್ಕೆ 5 ಸೆಂಟಿಮೀಟರ್ ಸಾಕು. ಆಗ ನೀರು ದಾರಿಗುಂಟ ಓಡದೆ ಅಡ್ಡ ಹರಿದು ಹೋಗುತ್ತೆ. ಎಲ್ಲಿ ಕೆಲಸ ಇದೆ ಅಂತ ತಿಳಿಯಬೇಕಾದರೆ ಮಳೆ ಬರುವಾಗಲೇ ಕೊಡೆ ಹಿಡಿದು ನಡೆದು ನೋಡಿ. ಆ ದಿನಕ್ಕೆ ಬರುವವರು ರೈಡ್‌ಗೆ ಬರುವವರ ಅರ್ಧವೂ ಇರಲ್ಲ. ಮಧ್ಯಾಹ್ನ ಊಟ ಇದೆ ಅಂದರೆ ನಾಲ್ಕು ಜನ ಜಾಸ್ತಿ ಬರುತ್ತಾರೆ.

ಯಾರಾದರೂ ಬಿದ್ದರೆ ಮೊದಲು ಹಿಂದಿನವರನ್ನು ನಿಲ್ಲಿಸಿ, ಆಮೇಲೆ ಗಾಯ ನೋಡಿ. ತಲೆಗೆ, ಕುತ್ತಿಗೆಗೆ ಏಟಾಗಿದ್ದರೆ ಎಬ್ಬಿಸಿ ಕೂರಿಸಬೇಡಿ, 108ಕ್ಕೆ ಕರೆ ಮಾಡಿ. ಆಂಬ್ಯುಲೆನ್ಸ್ ಬಂದು ನಿಲ್ಲುವ ಡಾಂಬರು ರಸ್ತೆ ಹತ್ತಿರದಲ್ಲಿ ಎಲ್ಲಿದೆ ಅಂತ ರೈಡ್‌ಗೆ ಮುಂಚೆಯೇ ಇಬ್ಬರಿಗೆ ಗೊತ್ತಿರಲಿ.

ಕೊನೆಯಲ್ಲಿ, ಹೋಟೆಲ್ ಬಿಲ್ ಕೊಡುವ ಮುಂಚೆ ತಲೆ ಎಣಿಸಿ. ಒಮ್ಮೆ ನಾವು ಎರಡನೇ ಕಾಫಿ ಕುಡಿಯುವಾಗ ಫೋನ್ ಬಂತು: "ಗುರೂ, ಚೈನ್ ಸರಿ ಮಾಡಿಕೊಂಡೆ, ಎಲ್ಲಿದ್ದೀರಾ?" ಅವತ್ತು ಸ್ವೀಪ್ ನಾನೇ.