ಗುಡಿ ಕಟ್ಟೆಯಿಂದ ಶಾಲೆ ಮೈದಾನಕ್ಕೆ: ಗ್ರಾಮ ಸಭೆಯ ಜಾಗ ಬದಲಿಸಿದ ನನ್ನ ಅನುಭವ

ಯಾದಗಿರಿ ಜಿಲ್ಲೆಯ ಕಾಲುವೆ ಸೀಮೆಯ ಒಂದು ಗ್ರಾಮ ಪಂಚಾಯಿತಿಗೆ ನಾನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಿ ಹೋದಾಗ ಅಲ್ಲಿ ಗ್ರಾಮ ಸಭೆ ನಡೆಯುತ್ತಿದ್ದದ್ದು ಹನುಮಪ್ಪನ ಗುಡಿ ಕಟ್ಟೆಯ ಮೇಲೆ. ಯಾವಾಗಿನಿಂದ ಎಂದು ಕೇಳಿದರೆ ಹಿರಿಯರು "ಮಂಡಲ ಪಂಚಾಯತಿ ಇದ್ದಾಗಿಂದ ಹಿಂಗೇ ಅದ್ರೀ" ಎನ್ನುತ್ತಿದ್ದರು. ಅದಕ್ಕೆ ಕಾರಣಗಳೂ ಇದ್ದವು. ಅರಳಿ ಗಿಡದ ನೆರಳು, ಗುಡಿಯ ಮೈಕು, ಕುಂದರಲು ತಣ್ಣನೆಯ ಕಲ್ಲಿನ ಕಟ್ಟೆ. ಡಂಗುರದವನು "ಗುಡಿ ಮುಂದ ಸಭಾ ಅದ, ಎಲ್ಲಾರೂ ಬರ್ರೀ" ಎಂದು ಕೂಗಿದರೆ ಮುಗಿಯಿತು.

ಮೊದಲ ಎರಡು ಸಭೆಗಳನ್ನು ನಾನೂ ಅಲ್ಲಿಯೇ ನಡೆಸಿದೆ. ಚಪ್ಪಲಿ ಕೆಳಗೆ ಬಿಟ್ಟು ಕಟ್ಟೆ ಹತ್ತಿದೆ, ಪೂಜಾರಿ ಕೊಟ್ಟ ಕುಂಕುಮ ಹಚ್ಚಿಕೊಂಡೆ, ಕಾಯಿ ಒಡೆದ ಮೇಲೆ ನಡವಳಿ ಪುಸ್ತಕ ತೆರೆದೆ. ನಾನು ದೇವರನ್ನು ನಂಬುವವಳು. ಶನಿವಾರ ಒಂದೊತ್ತು ಇರುತ್ತೇನೆ. ಅದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ.

ಮೂರನೆಯ ಸಭೆಯ ದಿನ ನನಗೆ ಮುಟ್ಟಿನ ಎರಡನೆಯ ದಿನ. ತಾರೀಕು ತಿಂಗಳ ಮೊದಲೇ ನಿಗದಿಯಾಗಿತ್ತು, ನೋಟಿಸು ಅಂಟಿಸಿದ್ದಾಗಿತ್ತು, ತಾಲೂಕಿನಿಂದ ನೋಡಲ್ ಅಧಿಕಾರಿ ಬರುವವರಿದ್ದರು. ಬೆಳಿಗ್ಗೆ ಬಸ್ಸಿನಲ್ಲಿ ಕುಳಿತು ಇಡೀ ದಾರಿ ಅದನ್ನೇ ಯೋಚಿಸಿದೆ. ಕಟ್ಟೆ ಹತ್ತಬೇಕೋ, ಮೈಗೆ ಹುಷಾರಿಲ್ಲ ಎಂದು ಕೆಳಗೆ ಕುರ್ಚಿ ಹಾಕಿಸಿಕೊಳ್ಳಬೇಕೋ? ಕಡೆಗೆ ಹತ್ತಿದೆ, ಯಾರಿಗೂ ಹೇಳಲಿಲ್ಲ. ಮೂರು ತಾಸು ತಪ್ಪು ಮಾಡಿದವಳ ಹಾಗೆ ಕುಳಿತಿದ್ದೆ. ಆವತ್ತು ತಲೆ ಎತ್ತಿ ಜನರನ್ನು ನೋಡಿದಾಗ ಹಿಂದಿನ ಎರಡು ಸಭೆಗಳಲ್ಲಿ ಕಾಣದ್ದು ಕಂಡಿತು.

ದಲಿತರ ಓಣಿಯ ಗಂಡಸರು ದೂರದ ಬೇವಿನ ಗಿಡದ ಕೆಳಗೆ ನಿಂತಿದ್ದರು. ಮುಸಲ್ಮಾನರ ನಾಲ್ಕೈದು ಮಂದಿ ಚಹಾದಂಗಡಿಯ ಬೆಂಚಿನ ಮೇಲೆ ಇದ್ದರು. ಹೆಂಗಸರಲ್ಲಿ ಕಟ್ಟೆಯ ಮೇಲಿದ್ದವರು ಸದಸ್ಯೆಯರು, ಸ್ವಸಹಾಯ ಸಂಘದ ಇಬ್ಬರು, ಅಷ್ಟೇ. ಯಾರನ್ನೂ ಯಾರೂ ತಡೆದಿರಲಿಲ್ಲ. "ಬರ್ರಿ, ಮ್ಯಾಲೆ ಬರ್ರಿ" ಎಂದು ನಾನೇ ಮೈಕಿನಲ್ಲಿ ಕರೆದೆ. "ಇರ್ಲಿ ಬಿಡ್ರಿ ಮೇಡಂನೋರ, ಇಲ್ಲೇ ಕೇಳಸ್ತದ" ಎಂದರು. ಕುಡಿಯುವ ನೀರಿನ ಪೈಪು ಆ ಓಣಿಗೆ ಮುಟ್ಟದೆ ಎರಡು ವರ್ಷವಾಗಿತ್ತು. ಆ ಮಾತು ಸಭೆಯಲ್ಲಿ ಬರಲೇ ಇಲ್ಲ. ಬೇವಿನ ಗಿಡದ ಕೆಳಗಿಂದ ಕೂಗಿ ಹೇಳುವುದು ಯಾರಿಗಾದರೂ ಕಷ್ಟ.

ಧರ್ಮ ಮತ್ತು ಸರ್ಕಾರ ಬೇರೆ ಬೇರೆ ಇರಬೇಕು ಎನ್ನುವುದನ್ನು ನಾನು ನೌಕರಿಯ ಪರೀಕ್ಷೆಗೆ ಓದಿದ್ದೆ. ಸಂವಿಧಾನದ ಪೀಠಿಕೆಗೆ 'ಧರ್ಮನಿರಪೇಕ್ಷ' ಎಂಬ ಮಾತು ಸೇರಿಸಿದ 1976ರ 42ನೆಯ ತಿದ್ದುಪಡಿ, 1994ರ ಬೊಮ್ಮಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಇದನ್ನು ಸಂವಿಧಾನದ ಮೂಲ ರಚನೆಗೆ ಸೇರಿದ್ದು ಎಂದದ್ದು, ಎಲ್ಲ ಬಾಯಿಪಾಠ. ಅದರ ಅರ್ಥ ತಿಳಿದದ್ದು ಮಾತ್ರ ಆ ಕಟ್ಟೆಯ ಮೇಲೆ. ಗುಡಿಗೆ ಅದರದೇ ಕಟ್ಟಳೆಗಳಿವೆ: ಯಾರು ಹತ್ತಬೇಕು, ಯಾವ ದಿನ ಹತ್ತಬಾರದು, ಯಾರು ಎಷ್ಟು ದೂರ ನಿಲ್ಲಬೇಕು. ಸರ್ಕಾರ ಹೋಗಿ ಅಲ್ಲಿ ಕುಳಿತರೆ ಆ ಕಟ್ಟಳೆಗಳೆಲ್ಲ ಸರ್ಕಾರದವೂ ಆಗಿಬಿಡುತ್ತವೆ, ಒಂದು ಆದೇಶವೂ ಹೊರಡದೆ. ಸರ್ಕಾರಿ ಅಧಿಕಾರಿಯಾದ ನಾನೇ ನನ್ನ ಮೈಯ ಲೆಕ್ಕ ಹಾಕಿ ಸಭೆಗೆ ಬರಬೇಕಾದರೆ ಉಳಿದವರ ಪಾಡೇನು?

ಮುಂದಿನ ಸಭೆ ಸರ್ಕಾರಿ ಶಾಲೆಯ ಮೈದಾನದಲ್ಲಿ ಎಂದು ಪಂಚಾಯಿತಿ ಸಭೆಯಲ್ಲಿ ವಿಷಯ ಇಟ್ಟೆ. ಅಧ್ಯಕ್ಷೆ ಒಪ್ಪಿದರು, ಸದಸ್ಯರಲ್ಲಿ ಅರ್ಧ ಮಂದಿ ಸುಮ್ಮನಿದ್ದರು. ಸಂಜೆ ಗುಡಿ ಕಮಿಟಿಯ ಹಿರಿಯರು ಪಂಚಾಯಿತಿಗೆ ಬಂದರು. ಸಿಟ್ಟಿನಿಂದಲ್ಲ, ನೋವಿನಿಂದ. ಅವರಲ್ಲಿ ಎಲ್ಲರೂ ಕಾಕಾ ಎಂದು ಕರೆಯುವ ಒಬ್ಬರು ಹೇಳಿದ ಮಾತು ಇವತ್ತಿಗೂ ನೆನಪಿದೆ.

"ಮೇಡಂನೋರ, ನಮ್ಮ ಊರಾಗ ಹಿಂದೂ ಮುಸ್ಲಿಂ ಅಂತ ಜಗಳ ಎಂದರ ನೋಡೀರೇನು? ಗುಡಿ ಮುಂದೇ ಅಲಾಯಿ ಕುಣಿ ಅದ. ಮೊಹರಂದಾಗ ಪೀರಾ ಹೊರೋರು ನಮ್ಮ ಹುಡುಗರೇ. ತಿಂಥಣಿ ಮೌನಪ್ಪಗ ಹೋದ್ರ ಎಲ್ಲಾರೂ ಒಂದೇ. ನೀವು ಕಾನೂನು ತಂದು ಬ್ಯಾರೆ ಮಾಡ್ತೀರೇನು?"

ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಈ ಭಾಗದ ಬದುಕೇ ಹಾಗಿದೆ. ಬೀದರ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನ ಉರುಸಿಗೆ ಹಿಂದೂಗಳೂ ಕಾಯಿ ಹಿಡಿದುಕೊಂಡು ಹೋಗುತ್ತಾರೆ. ಕಲಬುರಗಿಯಲ್ಲಿ ಬಂದೇನವಾಜರ ದರ್ಗಾಕ್ಕೆ ಹೋಗಿ ಬಂದವರೇ ಶರಣಬಸವೇಶ್ವರರ ತೇರಿಗೆ ಉತ್ತತ್ತಿ ಎಸೆಯುತ್ತಾರೆ. ಅದನ್ನು ಮುರಿಯುವ ಮನಸ್ಸು ನನಗಿರಲಿಲ್ಲ. ಆದರೆ ಹೀಗೆ ಹೇಳಿದೆ: "ಕಾಕಾ, ಹನುಮಪ್ಪಗೂ ಪೀರಗೂ ಜಗಳ ಇಲ್ಲ, ಖರೆ. ಬೇವಿನ ಗಿಡದ ಕೆಳಗ ನಿಂತವರ ಕತಿ ಏನ್ರಿ? ಅವರಿಗೆ ಹನುಮಪ್ಪನ ಕಟ್ಟಿನೂ ಇಲ್ಲ, ಅದರ ಮ್ಯಾಲೆ ಕುಂತ ಸರ್ಕಾರನೂ ಇಲ್ಲ."

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಅವರ ಅಜ್ಜನ ಕಥೆ. ನಿಜಾಮರ ಕಾಲದಲ್ಲಿ ಗುಡಿಯ ಗೋಪುರ ಎತ್ತರಿಸಬೇಕೆಂದರೆ ಧಾರ್ಮಿಕ ವ್ಯವಹಾರಗಳ ಖಾತೆಯ ಪರವಾನಗಿ ಬೇಕಿತ್ತಂತೆ. ಆ ಖಾತೆಗೆ 'ಉಮೂರೆ ಮಜಹಬಿ' ಎಂದು ಹೆಸರು. ಅದೇ ಸರ್ಕಾರ ಕೆಲವು ಗುಡಿಗಳಿಗೆ ಇನಾಮನ್ನೂ ಕೊಟ್ಟಿತ್ತು, ಆದರೆ ಕೊಡುವ ಕೈಯೇ ತಡೆಯುವ ಕೈಯೂ ಆಗಿತ್ತು. ಅಜ್ಜ ಅರ್ಜಿ ಹಿಡಿದು ತಿರುಗಿ ತಿರುಗಿ ಸತ್ತ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿದ ಮೇಲೆಯೇ ಗೋಪುರ ಎದ್ದದ್ದು. ನಾನು ಏನೂ ಸೇರಿಸಲಿಲ್ಲ. ಹೋಗುವಾಗ ಅವರೇ, "ಒಂದು ಸಲ ಮಾಡಿ ನೋಡ್ರಿ" ಎಂದರು.

ಮೈದಾನದಲ್ಲಿ ನೆರಳಿರಲಿಲ್ಲ, ಶಾಮಿಯಾನ ಬೇಕಾಯಿತು. ಗ್ರಾಮ ಸಭೆಯ ವೆಚ್ಚದಲ್ಲಿ ಅದಕ್ಕೆ ಅವಕಾಶವಿದೆ. ಭಾನುವಾರ ಇಟ್ಟಿದ್ದರಿಂದ ಪಾಠಕ್ಕೆ ತೊಂದರೆ ಆಗಲಿಲ್ಲ. ಎಲ್ಲರಿಗೂ ಒಂದೇ ಜಮಖಾನ ಹಾಸಿಸಿದೆ; ಕುರ್ಚಿ ಇಟ್ಟರೆ ಅದರಲ್ಲೂ ಹಿಂದು ಮುಂದು ಆಗುತ್ತದೆ. ಡಂಗುರ ದಲಿತರ ಓಣಿಯಿಂದ ಶುರುವಾಗಲಿ ಎಂದೆ.

ಶುರುವಿಗೆ ಏನು ಎನ್ನುವುದು ದೊಡ್ಡ ಪ್ರಶ್ನೆಯಾಯಿತು. ಮೊದಲು ಹನುಮಪ್ಪನ ಹಾಡು ಇರುತ್ತಿತ್ತು. ನಾನು ನಾಡಗೀತೆ, ಆಮೇಲೆ ಸಂವಿಧಾನದ ಪೀಠಿಕೆ ಎಂದು ನಿಶ್ಚಯಿಸಿದೆ. ಸದಸ್ಯರೊಬ್ಬರು, ದೇವರ ಹೆಸರಿಲ್ಲದೆ ಶುಭ ಕೆಲಸ ಹೇಗೆ ಎಂದು ಕೇಳಿದರು. ಅವರಿಗೆ ಸಂವಿಧಾನ ಸಭೆಯಲ್ಲಿ ನಡೆದದ್ದನ್ನೇ ಹೇಳಿದೆ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು, ಪೀಠಿಕೆ ದೇವರ ಹೆಸರಿನಲ್ಲಿ ಶುರುವಾಗಲಿ ಎಂದು 1949ರ ಅಕ್ಟೋಬರ್ 17ರಂದು ತಿದ್ದುಪಡಿ ತಂದರು. ದೇವರ ಮೇಲೆ ಮತ ಹಾಕುವ ಇಕ್ಕಟ್ಟಿಗೆ ನಮ್ಮನ್ನು ತಳ್ಳಬೇಡಿ ಎಂದು ಸದಸ್ಯೆ ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಹಿಂದೆ ಸರಿಯಲಿಲ್ಲ. ಮತಕ್ಕೆ ಹಾಕಿದಾಗ ಪರ 41, ವಿರೋಧ 68. ವಿರೋಧಿಸಿದವರೆಲ್ಲ ನಾಸ್ತಿಕರಾಗಿರಲಿಲ್ಲ, ಒಬ್ಬರ ನಂಬಿಕೆಯನ್ನು ಎಲ್ಲರ ಮೇಲೆ ಹೇರಬಾರದು ಎಂದು ಸದಸ್ಯ ಎಚ್.ಎನ್. ಕುಂಜ್ರು ಅವರಂಥವರು ವಾದಿಸಿದರು. ಹಾಗಾಗಿ ನಮ್ಮ ಸಂವಿಧಾನ ಜನರ ಹೆಸರಿನಲ್ಲಿ ಶುರುವಾಗುತ್ತದೆ.

ಪೀಠಿಕೆ ಓದಿದಾಗ ಇನ್ನೊಂದು ತೊಡಕು ಗೊತ್ತಾಯಿತು. 'ಧರ್ಮನಿರಪೇಕ್ಷ' ಎಂಬ ಮಾತಿಗೆ ಒಬ್ಬ ಮುದುಕ, "ಅಂದ್ರ ಧರ್ಮ ಬ್ಯಾಡ ಅಂತೇನ್ರಿ?" ಎಂದು ಬೇಸರಪಟ್ಟ. ನಮ್ಮ ಬಾಯಲ್ಲಿ ಧರ್ಮ ಎಂದರೆ ಗುಡಿ, ಮಸೀದಿ ಮಾತ್ರ ಅಲ್ಲ. ಹಸಿದವರಿಗೆ ರೊಟ್ಟಿ ಕೊಡುವುದೂ ಧರ್ಮ, ಮಾತಿಗೆ ತಪ್ಪದಿರುವುದೂ ಧರ್ಮ. ಅದು ಬೇಡ ಎಂದರೆ ಯಾರಿಗೆ ತಾನೇ ನೋವಾಗದು? ಅದರ ಬದಲು 'ಜಾತ್ಯತೀತ' ಎಂದರೆ ಬರೀ ಜಾತಿಯ ಮಾತು ಎಂದುಕೊಳ್ಳುತ್ತಾರೆ. ಅಂದಿನಿಂದ ನಾನು ಎರಡೂ ಶಬ್ದಗಳನ್ನು ಓದಿ ಬಿಡುತ್ತೇನೆ, ವಿವರಿಸುವಾಗ ಬಳಸುವುದಿಲ್ಲ. "ಪಂಚಾಯತಿಗೆ ಕುಲ ಇಲ್ಲ, ದೇವರಿಲ್ಲ, ನಿಮಗ ಇದ್ದದ್ದು ನಿಮ್ಮ ಹತ್ರ ಇರ್ಲಿ" ಎನ್ನುತ್ತೇನೆ. ಅದು ತಿಳಿಯುತ್ತದೆ.

ಜಾಗಕ್ಕಿಂತ ಕಷ್ಟವಾದದ್ದು ರೊಕ್ಕದ ವಿಷಯ. ಹಳೆಯ ವೋಚರುಗಳಲ್ಲಿ ಪ್ರತಿ ಕಾಮಗಾರಿಯ ಭೂಮಿಪೂಜೆಗೂ ತೆಂಗಿನಕಾಯಿ, ಕರ್ಪೂರ, ಹೂವಿನ ಹಾರ ಎಂದು ಖರ್ಚು ಬಿದ್ದಿತ್ತು. ಸಣ್ಣ ಮೊತ್ತವೇ. ಆದರೆ ಆ ರೊಕ್ಕ ಎಲ್ಲ ಮನೆಗಳ ಕರದಿಂದ ಬಂದದ್ದು. ಯಾವುದೇ ಒಂದು ಧರ್ಮದ ಪ್ರಚಾರ ಪೋಷಣೆಗೆಂದೇ ಮೀಸಲಿಡುವ ತೆರಿಗೆಯನ್ನು ಕಟ್ಟಲು ಯಾರನ್ನೂ ಒತ್ತಾಯಿಸುವಂತಿಲ್ಲ ಎಂದು ಸಂವಿಧಾನದ 27ನೆಯ ವಿಧಿ ಹೇಳುತ್ತದೆ. ಒಂದು ಕಾಯಿಯ ಬಿಲ್ಲಿಗೆ ಆ ವಿಧಿ ತಟ್ಟುತ್ತದೆ ಎಂದು ನಾನು ವಾದಿಸಲಾರೆ. ಅದರ ಆಶಯವನ್ನು ಹಿಡಿದೆ. ಪೂಜೆ ನಿಲ್ಲಿಸಲಿಲ್ಲ, ಬೇಕಾದವರು ತಮ್ಮ ಕೈಯಿಂದ ಕಾಯಿ ತರಲಿ, ಪಂಚಾಯಿತಿ ಖಾತೆಯಿಂದ ಬೇಡ ಎಂದೆ.

ಅದೇ ವರ್ಷ ಎರಡು ಅರ್ಜಿ ಬಂದವು: ಗುಡಿಗೆ ಕಮಾನು, ಮೊಹರಂ ಪೀರಾ ಇಡುವ ಅಶುರಖಾನಾಕ್ಕೆ ತಗಡಿನ ಶೆಡ್ಡು. ಎರಡಕ್ಕೂ ಕೊಟ್ಟರೆ ಯಾರಿಗೂ ಬೇಸರವಿಲ್ಲ ಎಂದು ಸದಸ್ಯರ ಲೆಕ್ಕ. ಇಬ್ಬರಿಗೂ ಸಮನಾಗಿ ಹಂಚಿದರೆ ನ್ಯಾಯ ಎನಿಸುತ್ತದೆ, ಮೊದಲು ನನಗೂ ಎನಿಸಿತ್ತು. ಆದರೆ ಅರ್ಜಿ ಹಾಕದ ಒಂದು ಓಣಿಯಿತ್ತು. ಅದಕ್ಕೆ ಬೇಕಾದದ್ದು ಪೈಪು. ಎರಡೂ ಅರ್ಜಿಗಳಿಗೆ ಒಂದೇ ಉತ್ತರ ಬರೆದೆ: ಜಾತ್ರೆಗೂ ಮೊಹರಂಗೂ ಬರುವ ಜನರಿಗೆ ನೀರು, ಬೀದಿದೀಪ, ಸ್ವಚ್ಛತೆ ಪಂಚಾಯಿತಿಯ ಕೆಲಸ, ಮಾಡುತ್ತೇವೆ; ಕಮಾನು, ಶೆಡ್ಡು ಭಕ್ತರ ಕೆಲಸ.

"ಮತ್ತ ಸರ್ಕಾರ ಗುಡಿಗೆ ತಸ್ತೀಕ್ ಯಾಕ ಕೊಡ್ತದ?" ಎಂದು ಪೂಜಾರಿ ಕೇಳಿದರು. ಸರಿಯಾದ ಪ್ರಶ್ನೆ. ಇನಾಂ ರದ್ದಾದಾಗ ಗುಡಿಗಳು ಕಳೆದುಕೊಂಡ ಜಮೀನಿಗೆ ಬದಲಾಗಿ ವರ್ಷವರ್ಷ ಕೊಡುವ ಹಣ ಅದು, ಹೊಸದಾಗಿ ಕೊಡುವ ದಾನವಲ್ಲ ಎಂದು ವಿವರಿಸಿದೆ. ಆದರೂ ಒಪ್ಪಿಕೊಳ್ಳಬೇಕು, ನಮ್ಮಲ್ಲಿ ಗೆರೆ ನೇರವಾಗಿಲ್ಲ. ಫ್ರಾನ್ಸಿನವರು 1905ರಲ್ಲಿ ಕಾನೂನು ಮಾಡಿ ಯಾವ ಪಂಥಕ್ಕೂ ಸರ್ಕಾರದ ಮನ್ನಣೆಯಿಲ್ಲ, ಸಂಬಳವಿಲ್ಲ ಎಂದರು. ನಮ್ಮಲ್ಲಿ ಗುಡಿಗಳನ್ನು ನೋಡಿಕೊಳ್ಳಲು ಮುಜರಾಯಿ ಇಲಾಖೆಯೇ ಇದೆ. ಕೇರಳ, ತಮಿಳುನಾಡಿನ ದೇವಸ್ವಂ (ಗುಡಿಗಳ) ನಿಧಿಗಳಿಗೆ ಹಣ ಕೊಡಬೇಕೆಂದು ಸಂವಿಧಾನದ 290ಎ ವಿಧಿಯಲ್ಲೇ ಬರೆದಿದೆ. ಗುಡಿಯ ಬಾಗಿಲನ್ನು ಎಲ್ಲ ಹಿಂದೂಗಳಿಗೆ ತೆರೆಯುವ ಕಾನೂನು ಮಾಡಲು 25ನೆಯ ವಿಧಿ ಸರ್ಕಾರಕ್ಕೆ ಅಧಿಕಾರ ಕೊಡುತ್ತದೆ. ಅದು ಇಲ್ಲದಿದ್ದರೆ ಬೇವಿನ ಗಿಡದ ಕೆಳಗಿನವರಿಗೆ ಕಾನೂನಿನ ಆಸರೆಯೂ ಇರುತ್ತಿರಲಿಲ್ಲ. ಹಾಗಾಗಿ ಫ್ರಾನ್ಸಿನ ಗೆರೆಯನ್ನು ಇಲ್ಲಿ ತಂದು ಎಳೆಯಬೇಕೆಂದು ನನಗೆ ಅನ್ನಿಸುವುದಿಲ್ಲ.

ಎಲ್ಲ ಕಡೆ ಗೆದ್ದೆ ಎಂದು ಹೇಳಲಾರೆ. ಮೇಲಿನ ಅನುದಾನದಲ್ಲಿ ಒಂದು ಸಮುದಾಯ ಭವನ ಗುಡಿಗೆ ಅಂಟಿಕೊಂಡೇ ಎದ್ದಿತು. ಪಂಚಾಯಿತಿ ಹೆಸರಿಗೆ ದಾಖಲಾಗಲಿ ಎಂದು ನಾನು ಬರೆದ ಪತ್ರಗಳು ಕಡತದಲ್ಲೇ ಉಳಿದವು.

ಶಾಲೆ ಮೈದಾನದ ಮೊದಲ ಸಭೆಯಲ್ಲಿ ದಲಿತರ ಓಣಿಯ ಹೆಂಗಸರು ಜಮಖಾನದ ಅಂಚಿನಲ್ಲಿ ಕುಳಿತರು. ಎರಡನೆಯದರಲ್ಲಿ ಸ್ವಲ್ಪ ನಡುವಿಗೆ ಬಂದರು. ಆವತ್ತು ಒಬ್ಬ ಅಜ್ಜಿ ಎದ್ದು ನಿಂತು, "ಯವ್ವಾ, ನಮ್ಮ ಓಣಿಗೆ ನೀರ ಯಾವಾಗ ಬಿಡ್ತಿ?" ಎಂದು ಕೇಳಿದಳು. ಪೈಪಿನ ಠರಾವಿನಲ್ಲಿ ಪ್ರಸ್ತಾಪಿಸಿದವರ ಹೆಸರಿನ ಜಾಗದಲ್ಲಿ ಅವಳ ಹೆಸರು ಬರೆದೆ. ಬರೆಯುವಾಗ ಕೈ ನಡುಗಿತು.

ವರ್ಗವಾದಾಗ ಚಾರ್ಜ್ ಪಟ್ಟಿಯ ಕೊನೆಗೆ, ನಗದು ಪುಸ್ತಕ, ಚೆಕ್ಕು, ಬೀರುವಿನ ಕೀಲಿಕೈ ಎಲ್ಲ ಆದ ಮೇಲೆ, "ಗ್ರಾಮ ಸಭೆ ಸ್ಥಳ: ಸರ್ಕಾರಿ ಶಾಲೆ ಮೈದಾನ" ಎಂದು ಒಂದು ಸಾಲು ಸೇರಿಸಿದೆ. ಹೊಸ ಪಿಡಿಒ ಚಿಕ್ಕ ಹುಡುಗ. ವಾರದ ಮೇಲೆ ಫೋನು ಮಾಡಿ, "ಅಕ್ಕಾ, ಈ ಸಾಲು ಏನ್ರಿ?" ಎಂದು ಕೇಳಿದ. ಅರ್ಧ ತಾಸು ಮಾತಾಡಿದೆವು. ಶಾಮಿಯಾನದವನಿಗೆ ಎರಡು ದಿನ ಮೊದಲೇ ಹೇಳಿಡು, ಜಮಖಾನ ಮೂರು ಸಾಲದು, ನಾಲ್ಕು ಬೇಕು ಎಂದೆ. ಮೈಕು ಗುಡಿಯಿಂದ ತರಬೇಡ ಎಂದೂ ಹೇಳಿದೆ. ತಂದರೆ ಸಭೆ ಎಷ್ಟೊತ್ತಿಗೆ ಮುಗಿಯಬೇಕೆಂದು ಕಮಿಟಿಯವರು ಹೇಳತೊಡಗುತ್ತಾರೆ. ಶಾಲೆಯ ಮೈಕಿಗೆ ಹೊಸ ವೈರು ಹಾಕಿಸಬೇಕು, ಅಷ್ಟೇ.